ಮಗ್ಗ ನಿಂತಾಗ ಕೇಳಿದ ಮಾತು

ಸೀರೆ ಕೊಳ್ಳಲು ಅರುಣಾಳ ಮನೆಗೆ ಬಂದಿದ್ದ ಹುಡುಗಿ ಏನೋ ಕೇಳಿದಳು. ನಾಲ್ಕು ಪವರ್‌ಲೂಮ್‌ಗಳ ಸದ್ದಿನಲ್ಲಿ ಅರುಣಾಗೆ ಒಂದಕ್ಷರವೂ ಕೇಳಿಸಲಿಲ್ಲ.

ಹುಡುಗಿ ಹತ್ತಿರ ಬಂದು ಅರುಣಾಳ ಕಿವಿಯ ಬಳಿ ಬಾಗಿದಳು. "ಅಕ್ಕನ ಮದುವೆಗೆ ಸೀರೆ ಬೇಕಿತ್ತು. ಇದ್ರಲ್ಲಿ ನೇರಳೆ ಬಣ್ಣ ಇದ್ಯಾ?"

ಬಿಸಿಯುಸಿರು ಕಿವಿಗೆ ತಾಗಿತು. ಅರುಣಾ ನೇರಳೆಯ ಬದಲು ಕೆಂಪು ಸೀರೆ ಎತ್ತಿಕೊಟ್ಟಳು.

ಸೀರೆ ಕೇಳಿದ್ದಕ್ಕೆ ನನ್ನ ಎದೆ ಯಾಕೆ ಹೀಗೆ ಹೊಡ್ಕೊಳ್ತಿದೆ...

ಹುಡುಗಿಯ ಹೆಸರು ಚಂದನ. ಬೂದಿಗೆರೆಯವಳು. ದೊಡ್ಡಬಳ್ಳಾಪುರದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು, ಅರುಣಾ ಓದುವ ಕಾಲೇಜಿನಲ್ಲೇ ಕೊನೆಯ ವರ್ಷದ ಡಿಗ್ರಿ ಓದುತ್ತಿದ್ದಳು. ಹತ್ತೊಂಬತ್ತರ ಅರುಣಾ ಅವಳಿಗಿಂತ ಒಂದು ವರ್ಷ ಹಿಂದೆ.

ಸೀರೆ ಕೊಂಡಾಯಿತು, ಮದುವೆಯೂ ಮುಗಿಯಿತು. ಚಂದನ ಬರುವುದು ಮಾತ್ರ ನಿಲ್ಲಲಿಲ್ಲ. ಕಾಲೇಜಿನಿಂದ ಬರುವಾಗ ಇಬ್ಬರ ಕೈಬೆರಳುಗಳು ದುಪಟ್ಟಾದ ಮರೆಯಲ್ಲಿ ಹೆಣೆದುಕೊಳ್ಳುತ್ತಿದ್ದವು. ಮೊದಲು ಕೈ ಚಾಚುತ್ತಿದ್ದವಳು ಯಾವಾಗಲೂ ಅರುಣಾ.

ಒಂದು ಮಧ್ಯಾಹ್ನ ಅರುಣಾಳ ತಾಯಿ ನಾಗಲಕ್ಷ್ಮಮ್ಮ ಚಂದನಳನ್ನು ಊಟಕ್ಕೆ ಕರೆದಿದ್ದರು. ಅವರು ಮೂಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದರು. ಮಗ್ಗದ ಪಕ್ಕ ನಿಂತಿದ್ದ ಚಂದನ ಅರುಣಾಳ ಕಿವಿಗೆ ಬಾಗಿ, ಸದ್ದಿಗೆ ತಕ್ಕಂತೆ ದನಿ ಏರಿಸಿ ಮಾತಾಡುತ್ತಿದ್ದಳು.

ಆಗಲೇ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು.

"...ಫ್ರೆಂಡ್ ಥರ ಅಲ್ಲ ಕಣೇ. ಪ್ರೀತಿ. ನಿನ್ ಜೊತೇನೇ ಬದುಕ್ಬೇಕು ಅನ್ಸುತ್ತೆ."

ಮನೆಯೆಲ್ಲ ಆ ಮಾತೇ ತುಂಬಿಕೊಂಡಿತು. ನಾಗಲಕ್ಷ್ಮಮ್ಮನ ಕೈ ನಿಂತಿತು.

"ಏನೇ ಇದು, ಅರುಣಾ?"

ಅರುಣಾ ಚಂದನಳಿಂದ ದೂರ ಸರಿದಳು. "ನಂಗೇನೂ ಗೊತ್ತಿಲ್ಲಮ್ಮ. ಅವಳೇ ನನ್ ಹಿಂದೆ ಬಿದ್ದಿದಾಳೆ. ಇವಳನ್ನ ಮನೆಗೆ ಸೇರಿಸ್ಬೇಡ ಅಂತ ನಾನೇ ಹೇಳೋಣ ಅಂತಿದ್ದೆ..."

ಆ ಕೊನೆಯ ಮಾತನ್ನು ಹೇಳು ಎಂದು ಯಾರೂ ಒತ್ತಾಯಿಸಿರಲಿಲ್ಲ. ಭಯಕ್ಕೆ ಅದನ್ನೂ ಸೇರಿಸಿದ್ದಳು.

ಚಂದನ ಅವಳ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ನಾಗಲಕ್ಷ್ಮಮ್ಮ ಮದುವೆ ಸೀರೆಯ ಬಿಲ್ಲಿನಲ್ಲಿದ್ದ ನಂಬರು ಹುಡುಕಿ ಚಂದನಳ ಅಣ್ಣ ನಂದೀಶನಿಗೆ ಫೋನ್ ಮಾಡಿದರು. ಮರುದಿನವೇ ಅವನು ಬಂದು ತಂಗಿಯನ್ನು ಹಾಸ್ಟೆಲ್ ಬಿಡಿಸಿದ. ಅವಳ ಫೋನ್ ಸ್ವಿಚ್ ಆಫ್ ಆಯಿತು.

"ಸದ್ಯ, ನೀನು ಮುಚ್ಚಿಡದೆ ಹೇಳ್ದೆ. ನನ್ ಮಗಳು ಬಂಗಾರ," ಎಂದು ಅಮ್ಮ ತಲೆ ಸವರಿದಾಗಲೆಲ್ಲ ಅರುಣಾ ಏನೋ ನೆಪ ಹೇಳಿ ಎದ್ದುಹೋಗುತ್ತಿದ್ದಳು.

ತಿಂಗಳುಗಳು ಕಳೆದ ಮೇಲೆ ಸಹಪಾಠಿ ಅಕ್ಷತ ಸುದ್ದಿ ತಂದಳು.

"ಚಂದನ ದಾಬಸ್‌ಪೇಟೆಲಿ ಗೋಡೌನ್‌ನಲ್ಲಿ ಪ್ಯಾಕಿಂಗ್ ಕೆಲಸ ಮಾಡ್ತಿದಾಳಂತೆ. ಅವರಣ್ಣ ಗಂಡು ನೋಡಿದ್ನಂತೆ. ಒಪ್ಪದೆ ಮನೆ ಬಿಟ್ಳಂತೆ. ಪಾಪ, ಎಕ್ಸಾಮೂ ಬರೀಲಿಲ್ಲ ಕಣೇ."

ನಾನು ಹೇಳಿದ ಒಂದು ಸುಳ್ಳಿಗೆ ಅವಳು ಓದು ಕಳ್ಕೊಂಡ್ಳು, ಮನೆ ಕಳ್ಕೊಂಡ್ಳು. ನಾನು ಮಾತ್ರ ಬಂಗಾರ...

ಅವತ್ತೇ ಮನೆಗೆ ಬಂದು ಅಮ್ಮನ ಎದುರು ಕೂತಳು.

"ಅಮ್ಮ, ನಾನು ಸುಳ್ಳು ಹೇಳ್ದೆ. ಚಂದನ ನನ್ ಹಿಂದೆ ಬಿದ್ದಿರ್ಲಿಲ್ಲ. ನಂಗೂ ಅವಳಂದ್ರೆ ಪ್ರೀತಿ. ಅವಳಿಗೆ ಹೇಗೋ, ನಂಗೂ ಹಾಗೇ."

ನಾಗಲಕ್ಷ್ಮಮ್ಮ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು.

"ಊಟಕ್ಕೆ ಅಂತ ಕರ್ದು, ಆ ಹುಡುಗೀನ ಹಸಿದ ಹೊಟ್ಟೇಲಿ ಕಳಿಸ್ಬಿಟ್ಟೆ... ನಿನ್ನ ಮಾತು ನಂಗೆ ಅರ್ಥ ಆಗಲ್ಲ ಅರುಣಾ. ಅವಳ ಹತ್ರ ಹೋಗು ಅಂತ ಹೇಳಲ್ಲ. ಬೇಡ ಅಂತಾನೂ ಹೇಳಲ್ಲ."

ಮರುದಿನ ಅಕ್ಷತಳಿಂದ ಗೋಡೌನಿನ ವಿಳಾಸ ಪಡೆದು ಅರುಣಾ ದಾಬಸ್‌ಪೇಟೆಯ ಬಸ್ಸು ಹತ್ತಿದಳು.

ಸಂಜೆ ಶಿಫ್ಟ್ ಮುಗಿದು ಹುಡುಗಿಯರು ಗೋಡೌನಿನ ಗೇಟಿನಿಂದ ಹೊರಬಂದರು. ಚಂದನ ಸೊರಗಿದ್ದಳು. ಅರುಣಾಳನ್ನು ಕಂಡು ಅಲ್ಲೇ ನಿಂತಳು. ಕಣ್ಣಿನಲ್ಲಿ ಕೋಪಕ್ಕಿಂತ ಹೆಚ್ಚಾಗಿ ಭಯವಿತ್ತು.

"ಸಾರಿ ಅರುಣಾ," ಎಂದಳು, ಅರುಣಾ ಬಾಯಿ ತೆರೆಯುವ ಮೊದಲೇ. "ನಿಂಗೆ ಇಷ್ಟ ಇಲ್ಲ ಅಂತ ನಂಗೆ ಗೊತ್ತಾಗ್ಲಿಲ್ಲ. ನಿಂಗೆ ಹಿಂಸೆ ಕೊಟ್ಬಿಟ್ಟೆ ಅಂತ ದಿನಾ ನನ್ನೇ ಬೈಕೊಳ್ತೀನಿ."

ಅರುಣಾ ಅಲ್ಲೇ ಕಟ್ಟೆಯ ಮೇಲೆ ಕೂತಳು. ತಪ್ಪು ಮಾಡಿದ್ದು ತಾನು. ಅದನ್ನು ಇಷ್ಟು ದಿನ ಹೊತ್ತು ತಿರುಗಿದ್ದು ಚಂದನ.

"ಹಾಗನ್ಬೇಡ ಕಣೇ... ನಿಂದೇನೂ ತಪ್ಪಿಲ್ಲ. ಮೊದ್ಲು ಕೈ ಹಿಡಿದಿದ್ದು ನಾನು. ಅಮ್ಮನ ಮುಖ ನೋಡಿ ಹೆದರ್ಕೊಂಡು ಎಲ್ಲಾನೂ ನಿನ್ ಮೇಲೆ ಹಾಕ್ಬಿಟ್ಟೆ. ನಿನ್ನೆ ಅಮ್ಮಂಗೆ ನಿಜ ಹೇಳ್ದೆ."

"ಏನಂತ?"

"ನಂಗೂ ನೀನಂದ್ರೆ ಪ್ರೀತಿ ಅಂತ."

ಚಂದನ ಅವಳನ್ನು ದಿಟ್ಟಿಸಿದಳು. "ನಂಗೆ ಹೇಳೋಕ್ ಮುಂಚೆ ಅಮ್ಮಂಗೆ ಹೇಳಿದ್ಯಾ?"

"ಈಗ ನಿಂಗೂ ಹೇಳ್ತಿದೀನಿ."

ಚಂದನ ಅವಳ ಪಕ್ಕದಲ್ಲಿ ಕೂತಳು, ಸ್ವಲ್ಪ ದೂರ ಬಿಟ್ಟು. ಇಬ್ಬರೂ ಅತ್ತರು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

"ನಂಗೆ ಕೋಪ ಇದೆ ಅರುಣಾ. ಇಷ್ಟು ಬೇಗ ಹೋಗಲ್ಲ."

"ಹೋಗೋವರ್ಗೂ ಬರ್ತೀನಿ."

"ಆಮೇಲೆ?"

"ಆಮೇಲೂ ಬರ್ತೀನಿ."

ಚಂದನ ಕಣ್ಣೊರೆಸಿಕೊಂಡು, ಎದ್ದು ಅವಳಿಗೆ ಕೈ ಚಾಚಿದಳು.

"ಭಾನುವಾರ ರಜಾ ನಂಗೆ. ಬೆಳಿಗ್ಗೇನೇ ಬಾ."