ಅಜ್ಜಿಗೆ ಮಾತ್ರ ಬಾಗಿಲು

ಅವನು ಮೊದಲ ಸಲ ನಮ್ಮ ಕನ್ನಡಕದ ಅಂಗಡಿಗೆ ಬಂದಾಗ, ಗೋಡೆಯ ಮೇಲಿನ ಅಕ್ಷರ ಓದಿ ಅಂದರೆ ನನ್ನನ್ನೇ ನೋಡುತ್ತ ಕೂತಿದ್ದ.

"ಕೊನೇ ಸಾಲು ಕಾಣಿಸುತ್ತಾ?" ಅಂದೆ.

"ನೀವು ಅಡ್ಡ ನಿಂತಿದ್ದೀರಿ. ಪರವಾಗಿಲ್ಲ, ಹಾಗೇ ನಿಂತಿರಿ."

ಇಂಥ ಮಾತಾಡಿದವನು ಮದುವೆಯಾದ ಮೇಲೆ ಬಾಯಿಗೆ ಬೀಗ ಹಾಕಿಕೊಂಡ. "ನನ್ನ ಕಂಡ್ರೆ ಪ್ರೀತಿ ಅಂತ ಒಂದ್ಸಲ ಹೇಳು" ಅಂತ ಪೀಡಿಸಿದರೆ ಕನ್ನಡಕ ತೆಗೆದು ಒರೆಸುತ್ತ ಕೂರುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನ ಕೆಲಸ ಆಸ್ಪತ್ರೆಯಲ್ಲಿ, ರಕ್ತ ತೆಗೆಯುವುದು. ಯಾವ ವಯಸ್ಸಿನವರಿಗೆ ದಡಾರ ತಡೆಯುವ ಶಕ್ತಿ ಇದೆ, ಯಾರಿಗಿಲ್ಲ ಎಂದು ನೋಡಲು ಈ ವರ್ಷ ಮನೆಮನೆಗೆ ಹೋಗಿ ರಕ್ತ ತರುತ್ತಿದ್ದ. ನಮ್ಮ ಮನೆಯನ್ನೂ ಬಿಡಲಿಲ್ಲ. ನಾನು ಕೈ ಚಾಚಿದೆ. ಅವನನ್ನು ಸಾಕಿದ, ಎಡಗಿವಿ ಕೇಳದ ಅಜ್ಜಿಯೂ ಚಾಚಿದಳು. ಅವನ ಸರದಿ ಬಂದಾಗ ಹಿಡಿದು ಕೂರಿಸಲು ನಾವಿಬ್ಬರೂ ಬೇಕಾಯಿತು. ಊರಿಗೆಲ್ಲ ಸೂಜಿ ಚುಚ್ಚುವವನಿಗೆ ತನ್ನ ತೋಳಿಗೆ ಅಂದರೆ ಜೀವವೇ ಹೋಗುತ್ತಿತ್ತು.

"ಅಜ್ಜಿ ಗಟ್ಟಿ," ಅಂದ, ರಿಪೋರ್ಟ್ ಬಂದ ದಿನ. "ಚಿಕ್ಕವಳಿದ್ದಾಗಲೇ ಬಂದುಹೋಗಿದೆ. ಈಗಿನ ಮಕ್ಕಳಿಗೆ ಲಸಿಕೆ ಬಿದ್ದಿದೆ. ನಾವು ನಡುವಿನವರು, ನಮ್ಮ ಕಾಲದಲ್ಲಿ ಸರಿಯಾಗಿ ಹಾಕ್ತಾನೇ ಇರಲಿಲ್ಲ. ನಿನಗೂ ಇಲ್ಲ, ನನಗೂ ಇಲ್ಲ."

"ಹಾಗಾದ್ರೆ ಹಾಕಿಸ್ಕೊಳ್ಳೋಣ."

"ನೀನು ಬಸುರಿ. ಹೆರಿಗೆ ಆಗೋವರೆಗೂ ಹಾಕೋ ಹಾಗಿಲ್ಲ."

"ನೀನು?"

"ನಾಳೆ."

ಹೆದರುಪುಕ್ಕಲ ಅಂತ ನಾನೂ ಅಜ್ಜಿಯೂ ಬಿದ್ದು ಬಿದ್ದು ನಕ್ಕೆವು. ಆ ನಾಳೆ ಬರುವ ಮೊದಲೇ ದಡಾರ ಬಂತು. ಆಸ್ಪತ್ರೆ ತುಂಬಿದವರಲ್ಲಿ ಹೆಚ್ಚಿನವರು ನಮ್ಮ ವಯಸ್ಸಿನವರೇ. ಅವರ ರಕ್ತ ತೆಗೆದ ದಿನದಿಂದ ಅವನು ಮನೆಗೆ ಬರಲಿಲ್ಲ. ಕೆಲಸ ಜಾಸ್ತಿ, ಇಲ್ಲೇ ಮಲಗುತ್ತೇನೆ ಅನ್ನುತ್ತಿದ್ದ. ವಾರ ಕಳೆದರೂ ಬರದಿದ್ದಾಗ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ.

"ನನ್ನ ಮುಖ ನೋಡೋಕೂ ಬೇಜಾರಾಯ್ತಾ ನಿನಗೆ?"

ಅವನು ಉತ್ತರ ಕೊಡಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲೇ ಇಲ್ಲ. ನನ್ನನ್ನೂ ಹೊಟ್ಟೆಯಲ್ಲಿದ್ದ ಮಗುವನ್ನೂ ಉಳಿಸಲು ದೂರ ಇದ್ದಾನೆಂದು ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿದ್ದ ಕೋಣೆಗೆ ಮನೆಯವರಲ್ಲಿ ಅಜ್ಜಿಯನ್ನೊಬ್ಬಳನ್ನೇ ಬಿಟ್ಟರು. ನಾನು ರಸ್ತೆಯ ಆಚೆ ನಿಂತು ಮೇಲಿನ ಕಿಟಕಿ ನೋಡುತ್ತಿದ್ದೆ. ಬೆಳಕಿಗೆ ಕಣ್ಣು ಉರಿಯುತ್ತದೆಂದು ಪರದೆ ಎಳೆದೇ ಇರುತ್ತಿತ್ತು. ಒಂದು ಬೆಳಿಗ್ಗೆ ಪರದೆ ಸರಿಯಿತು. ಅವನು ಕಣ್ಣು ಕಿರಿದು ಮಾಡಿ ನೋಡಿದ, ಕನ್ನಡಕ ಹಾಕಿಕೊಂಡ, ಮತ್ತೆ ನೋಡಿದ. ಬೆರಳಾಡಿಸಿ ತಿರುಗು ಅಂದ. ಹೊಟ್ಟೆ ಕಾಣುವಂತೆ ಪಕ್ಕಕ್ಕೆ ತಿರುಗಿ ನಿಂತೆ. ನಕ್ಕನೋ ಇಲ್ಲವೋ, ಅಷ್ಟು ದೂರಕ್ಕೆ ಗೊತ್ತಾಗಲಿಲ್ಲ.

ಮರುದಿನ ಉಸಿರಾಟ ಕೆಟ್ಟಿದೆ, ಆಸೆ ಕಡಿಮೆ ಅಂದರು. ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಿದೆ. ಅಜ್ಜಿ ಎರಡೂ ಕೈ ಅಗಲಿಸಿ ಅಡ್ಡ ನಿಂತಳು.

"ಒಂದೇ ಒಂದ್ಸಲ, ಅಜ್ಜಿ."

"ನನ್ನ ಈ ಕಿವಿ ಕಿತ್ಕೊಂಡಿದ್ದು ಇದೇ ಕಾಯಿಲೆ. ನನ್ನ ತಂಗೀನೂ ಒಯ್ತು. ನಿನಗೆ ಬಂದ್ರೆ ಮಗು ಉಳಿಯುತ್ತೆ ಅಂತ ಯಾರೂ ಹೇಳ್ತಿಲ್ಲ. ಮೂವರನ್ನೂ ಕಳ್ಕೊಂಡು ನಾನೇನು ಮಾಡ್ಲಿ?"

ಒಣಕಲು ಮುದುಕಿ, ತಳ್ಳಿ ಹೋಗಬಹುದಿತ್ತು. ಆದರೆ ಅವಳು ಅಗಲಿಸಿದ ಕೈ ಇಳಿಸಲಿಲ್ಲ. ನಾನು ಹೊಟ್ಟೆ ಹಿಡಿದು ಅಲ್ಲೇ ಕುಸಿದು ಕೂತೆ.

"ನನಗೇನಾದ್ರೂ ಹೇಳ್ಬೇಕಾ ಅಂತ ಕೇಳ್ಕೊಂಡು ಬಾ" ಅಂದೆ.

ಬಹಳ ಹೊತ್ತಾಯಿತು. ಅಜ್ಜಿ ಇಳಿದು ಬಂದಾಗ ಅವಳ ಕೈಯಲ್ಲಿ ಅವನ ಕನ್ನಡಕವಿತ್ತು. ಅವನು ಹೋಗಿಬಿಟ್ಟಿದ್ದ. ಅವಳು ಬಂದು ನನ್ನ ಪಕ್ಕ ಕೂತಳು.

"ದನಿಯೇ ಇರಲಿಲ್ಲ. ಬಾಯಿ ಹತ್ತಿರ ಬಲಗಿವಿ ಇಟ್ಕೊಂಡು ಕೇಳಿದೆ," ಅಂದಳು. ಅಂಥ ಮಾತನ್ನು ತನ್ನ ಜನ್ಮದಲ್ಲಿ ಯಾರಿಗೂ ಆಡಿರದ ಮುದುಕಿ, ನೆಲ ನೋಡುತ್ತ ಹೇಳಿದಳು: "ನಿನ್ನ ಕಂಡ್ರೆ ಪ್ರೀತಿಯಂತೆ. ತುಂಬಾ ಪ್ರೀತಿಯಂತೆ."

"ಇನ್ನೊಂದ್ಸಲ ಹೇಳು ಅಜ್ಜಿ" ಅಂದೆ.

ಅಜ್ಜಿ ಇನ್ನೊಂದು ಸಲ ಹೇಳಿದಳು.