ಎರಡಂಗುಲದ ಮರದ ತುಂಡು

ಇದು ನಡೆದದ್ದು ಹಾಡಹಗಲಲ್ಲಿ, ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯ ಮುಂದೆ.

ಗಣಿಯಲ್ಲಿ ಪೆಟ್ಟಾಗಿ ಅಪ್ಪನ ಬಲಗಾಲು ಗಿಡ್ಡವಾಗಿತ್ತು. ಅದಕ್ಕೇ ನಮ್ಮ ಹಳೇ ಅಂಬಾಸಿಡರ್ ಕಾರಿನ ಆಕ್ಸಿಲರೇಟರ್ ಮೇಲೆ ಎರಡಂಗುಲದ ಮರದ ತುಂಡನ್ನು ಸೈಕಲ್ ಟ್ಯೂಬಿನಿಂದ ಬಿಗಿದು, ಬಂಗಾರಪೇಟೆ ಸ್ಟೇಷನ್ನಿಗೆ ಬಾಡಿಗೆ ಓಡಿಸುತ್ತಿದ್ದರು. ಅವರನ್ನು ಮಣ್ಣು ಮಾಡುವಾಗ ಆ ತುಂಡನ್ನು ನಾನೇ ಅವರ ಕಾಲ ಬಳಿ ಇಟ್ಟೆ. ಆಗ ಶ್ರುತಿ ನನ್ನ ಹೊಟ್ಟೆಯಲ್ಲಿದ್ದಳು.

ಹೋದ ಶನಿವಾರ ಅವಳು ಕಾರು ಕಲಿಯಲು ಕೂತಳು. ತುಕ್ಕು ಹಿಡಿದ ಸೀಟು ಮುಂದಕ್ಕೆ ಸರಿಯಲಿಲ್ಲ.

"ಆಕ್ಸಿಲರೇಟರ್‌ಗೆ ಕಾಲೇ ಎಟುಕಲ್ಲ ಕಣಮ್ಮಾ, ನನ್ ಕೈಲಾಗಲ್ಲ," ಎಂದು ಕಣ್ಣೊರೆಸಿಕೊಂಡು ಇಳಿದಳು. ನಾನು ಕಾರಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮರುದಿನ ಬೆಳಗ್ಗೆ ಹೊರಗೆ ಚಳಿಯಿತ್ತು. ಕಾರಿನ ಬೀಗ ತೆಗೆದು ಬಾಗಿಲು ತೆರೆದರೆ, ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಸೀಟು ಬೆಚ್ಚಗಿತ್ತು. ಆಕ್ಸಿಲರೇಟರ್ ಮೇಲೆ ಆ ತುಂಡಿತ್ತು. ಟ್ಯೂಬಿಗೆ ಅಪ್ಪ ಹಾಕುತ್ತಿದ್ದ ಗಂಟು, ಮರದ ಅಂಚಿಗೆ ಹಸಿ ಮಣ್ಣು.

ಶ್ರುತಿ ಕಾಲಿಟ್ಟು ನೋಡಿದಳು. "ಈಗ ಸರ್ಯಾಗ್ ಎಟುಕ್ತದೆ! ಯಾರಮ್ಮಾ ಕಟ್ಟಿದ್ದು?"

"ನಿಮ್ ತಾತ," ಎಂದೆ. ಇನ್ನೇನು ಹೇಳಲಿ?

ಅವಳು ನಗುತ್ತಾ ಮೈದಾನದಲ್ಲಿ ಒಂದು ಸುತ್ತು ಹಾಕಿ ಬಂದ ಮೇಲೆ ತುಂಡಿನ ದಪ್ಪ ಅಳೆದೆ. ಒಂದೂವರೆ ಅಂಗುಲವಿತ್ತು. ಅದರ ಒಂದು ಮಗ್ಗುಲನ್ನು ಯಾರೋ ಹೊಸದಾಗಿ ಕೆತ್ತಿದ್ದರು.