ಸೋಮವಾರದೊಳಗೆ ನೀನೇ ಹೇಳು

ನಡೆದದ್ದನ್ನು ನಡೆದ ಹಾಗೆಯೇ ಹೇಳಲು ನನ್ನಿಂದ ಆದೀತೋ ಇಲ್ಲವೋ. ತಪ್ಪಿದರೆ ಓದುವವರು ಮನ್ನಿಸಬೇಕು.

ಶುಕ್ರವಾರ ಬೆಳಿಗ್ಗೆ ಹಂಟ್ಸ್‌ವಿಲ್ ಠಾಣೆಗೆ ಪಾದ್ರಿಯೊಬ್ಬರ ದೂರು ಬಂತು. ಚರ್ಚಿನ ಅಂಗಳದಲ್ಲಿ ವರ್ನಾ ಸ್ಪಾರ್ಕ್ಸ್ ಎಂಬ ಹೆಂಗಸಿಗೆ ಯಾವುದೋ ವಾಹನ ಗುದ್ದಿ ನಿಲ್ಲದೆ ಹೋಗಿತ್ತು. ಪ್ರಜ್ಞೆ ತಪ್ಪಿದ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಇನ್‌ಸ್ಪೆಕ್ಟರ್ ಮೇವಿಸ್ ಹೋಲ್ಕಂ ಸ್ಥಳ ಮಹಜರು ಮಾಡಿಸಿದಳು. ಬ್ರೇಕ್ ಹಾಕಿದ ಗುರುತೇ ಇರಲಿಲ್ಲ.

ವರ್ನಾ ಸೇನೆಗೆ ಕ್ಷಿಪಣಿಯ ಬಿಡಿಭಾಗ ಒದಗಿಸುವ ಗುತ್ತಿಗೆ ಕಂಪನಿಯಲ್ಲಿದ್ದಳು. ಅಲ್ಲಿ ಕೆಲಸ ಮಾಡುವವರಿಗೆಲ್ಲ ಸರ್ಕಾರದ ಭದ್ರತಾ ಅನುಮತಿ ಇರಲೇಬೇಕು. ದಿನವೂ ಅದೇ ಅಂಗಳದಲ್ಲಿ ಸಹೋದ್ಯೋಗಿ ಓಡೆಲ್ ಟಿಡ್‌ಮೋರ್‌ನ ಪಿಕಪ್ ಹತ್ತುತ್ತಿದ್ದಳು. ಮೇವಿಸ್ ಕಂಪನಿಗೆ ಹೋಗಿ, ಕಾರಣ ಹೇಳದೆ ಅವನನ್ನು ಗೇಟಿಗೆ ಕರೆಸಿದಳು.

"ಇವತ್ತು ವರ್ನಾನ ಕರ್ಕೊಂಡು ಬರ್ಲಿಲ್ವಾ?"

"ಇಲ್ಲ ಮೇಡಂ. ಬದುಕ್ತಾಳಾ ಅವಳು?"

ಮೇವಿಸ್ ಜೊತೆ ಬಂದಿದ್ದ ಕಾನ್‌ಸ್ಟೆಬಲ್ ಡ್ವೇನ್ ತಲೆಯೆತ್ತಿದ. ಒಳಗೆ ಹೋಗುವವರು ಫೋನನ್ನು ಗೇಟಿನ ಕಪಾಟಿನಲ್ಲಿ ಬಿಡಲೇಬೇಕು. ಓಡೆಲ್‌ನ ಫೋನು ದೂರು ಬರುವ ಮೊದಲೇ ಅಲ್ಲಿ ಸೇರಿತ್ತು.

"ನಿಮ್ಮ ಕಂಪನಿ ಒಳಗಡೆ ಗಾಳೀನೂ ಪರ್ಮಿಷನ್ ತಗೊಂಡೇ ಬರ್ಬೇಕಂತೆ. ನಿಂಗೆ ಸುದ್ದಿ ಯಾರಪ್ಪ ತಂದ್ರು?" ಎಂದ ಡ್ವೇನ್.

ಓಡೆಲ್ ವಾಹನ ನಿಲ್ಲಿಸುವ ಜಾಗದ ಕಡೆ ನೋಡಿದ. ಅಲ್ಲಿದ್ದ ಅವನ ಪಿಕಪ್‌ನ ಮುಂಭಾಗ ನಗ್ಗಿತ್ತು.

"ಕೆರೆ ಹತ್ರ ಒಂದ್ಸಲ ಗಾಂಜಾ ಸೇದಿದ್ದೆ. ಅವಳು ನೋಡಿದ್ಲು. ಸೋಮವಾರದೊಳಗೆ ನೀನೇ ಹೋಗಿ ಭದ್ರತಾ ಅಧಿಕಾರಿಗೆ ಹೇಳು, ಇಲ್ಲಾಂದ್ರೆ ನಾನು ಹೇಳ್ಬೇಕಾಗುತ್ತೆ ಅಂದ್ಲು. ಭದ್ರತಾ ಅನುಮತಿ ಹೋದ್ರೆ ಈ ಊರಲ್ಲಿ ನಂಗ್ಯಾರು ಕೆಲ್ಸ ಕೊಡ್ತಾರೆ?"

ಓಡೆಲ್‌ನನ್ನು ಗೇಟಿಗೆ ಕರೆತಂದಿದ್ದ ಕಂಪನಿಯ ಭದ್ರತಾ ಅಧಿಕಾರಿ ಕಿಂಬ್ರೋ ಬಿಳಿಚಿಕೊಂಡ.

"ಅಯ್ಯೋ ಪುಣ್ಯಾತ್ಮ, ಅಷ್ಟಕ್ಕೇನಾ? ನಿರ್ಧಾರ ಸರ್ಕಾರದ್ದು, ನಿಜ. ಆದ್ರೆ ತಾನಾಗೇ ಬಂದು ಹೇಳಿದ್ರೆ ಅದನ್ನ ಲೆಕ್ಕಕ್ಕೆ ತಗೋತಾರೆ ಕಣೋ. ಮುಚ್ಚಿಟ್ಟು ಸಿಕ್ಕಿಬಿದ್ದೋರನ್ನೇ ಅವರು ನಂಬದೇ ಇರೋದು!"

ಕೊಲೆಯತ್ನದ ಪ್ರಕರಣ ದಾಖಲಾಯಿತು. ಓಡೆಲ್‌ನನ್ನು ಬಂಧಿಸಿದರು.

ಸಂಜೆ ವರ್ನಾಗೆ ಪ್ರಜ್ಞೆ ಬಂತು. ಮೇವಿಸ್ ಆಸ್ಪತ್ರೆಯಲ್ಲಿ ಅವಳ ಹೇಳಿಕೆ ಪಡೆದಳು.

"ಓಡೆಲ್‌ಗೆ ನೀನೇ ಹೋಗಿ ಹೇಳು ಅಂದ್ರಲ್ಲ, ಹೇಳಿದ್ರೆ ಏನೂ ಆಗಲ್ಲ ಅಂತ ನಿಮಗೆ ಹೇಗೆ ಅಷ್ಟು ಧೈರ್ಯ ಇತ್ತು?"

"ನಾನೂ ಹಿಂದೆ ಕುಡಿದು ಗಾಡಿ ಓಡಿಸಿ ಪೊಲೀಸರಿಗೆ ಸಿಕ್ಕಿಬಿದ್ದಿದ್ದೆ. ಕಂಪನೀಲಿ ಯಾರೂ ಕೇಳೋ ಮುಂಚೆ ಹೋಗಿ ಹೇಳ್ಕೊಂಡೆ. ಅನುಮತಿ ಉಳೀತು."

"ಇದನ್ನ ಓಡೆಲ್‌ಗೆ ಹೇಳಿದ್ರಾ?"

ವರ್ನಾ ಮುಖ ತಿರುಗಿಸಿದಳು.

"ಭಾನುವಾರ ಚರ್ಚಲ್ಲಿ ಅವನ ಹೆಂಡ್ತಿ ಪಕ್ಕ ಕೂರೋಳು ನಾನು. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

ಮೇವಿಸ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡಳು. ಓಡೆಲ್ ತಾನಾಗಿಯೇ ಹೋಗಿ ಹೇಳಿಕೊಂಡಿದ್ದರೆ ಅವನ ಅನುಮತಿ ಉಳಿಯುತ್ತಿತ್ತೇ? ಗೊತ್ತಿಲ್ಲ. ಅವನ ವಿಷಯ, ಅದನ್ನು ನಿರ್ಧರಿಸುವವರ ಮುಂದೆ ಹೋಗಲೇ ಇಲ್ಲ.